ನಂಬರ್ ಪ್ಲೇಟಿನ ಮೇಲಿನ ಚೆಂಡುಹೂ

ಆಯುಧಪೂಜೆಗೆ ಸ್ಕೂಟರಿಗೆ ಕಟ್ಟಿದ ಹಾರವನ್ನು ಬಾಡುವ ಮುಂಚೆ ನಮ್ಮ ಮನೆಯಲ್ಲಿ ಯಾರೂ ಬಿಚ್ಚುವುದಿಲ್ಲ. ವಡೋದರಾಕ್ಕೆ ಬಂದು ಇಷ್ಟು ವರ್ಷವಾದರೂ ಧಾರವಾಡದ ಈ ರೂಢಿ ಬಿಟ್ಟಿಲ್ಲ. ಮರುದಿನ, ದಸರೆಯ ಬೆಳಿಗ್ಗೆ, ಇಲ್ಲಿ ಊರಿಗೆ ಊರೇ ಫಾಫ್ಡಾ ಎಂಬ ಕಡಲೆಹಿಟ್ಟಿನ ತಿಂಡಿಗೂ ಜಲೇಬಿಗೂ ಸಾಲು ನಿಲ್ಲುತ್ತದೆ. ನಾನೂ ಹೊರಟಿದ್ದೆ. ಗೋರ್ವಾ ಬಡಾವಣೆಯ ಸರ್ಕಲ್ಲಿನಲ್ಲಿ ಪೊಲೀಸಿನವನು ತಡೆದು, ಹಿಂದಿನ ನಂಬರ್ ಪ್ಲೇಟನ್ನು ಹೂವಿನಿಂದ ಮುಚ್ಚಿದ್ದೀರಿ ಎಂದು ದಂಡದ ಮೆಮೊ ಹರಿದುಕೊಟ್ಟ.

ಅಲ್ಲೇ ದಂಡ ಕಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನಂಬರ್ ಮುಚ್ಚಿಕೊಂಡು ತಿರುಗುವವನು ಕಳ್ಳ ತಾನೆ? ಸರ್ಕಾರಿ ಪ್ರಯೋಗಾಲಯದಲ್ಲಿ ಕೂದಲೆಳೆಯಷ್ಟೂ ಅಳತೆ ತಪ್ಪದೆ ಕೆಲಸ ಮಾಡುವವನು ನಾನು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಕಟ್ಟುವಾಗ ಹಾರ ಮೇಲೇ ಇತ್ತು, ದಾರಿಯ ಗುಂಡಿಗಳಿಗೆ ಜಾರಿದೆ, ಕೋರ್ಟಿನಲ್ಲೇ ಹೇಳುತ್ತೇನೆ ಎಂದುಬಿಟ್ಟೆ. ಸಿಟ್ಟಿನಲ್ಲಿ ಜಲೇಬಿಯನ್ನೂ ಮರೆತು ಮನೆಗೆ ಬಂದೆ.

ಮೊದಲ ತಾರೀಖಿಗೆ ಮ್ಯಾಜಿಸ್ಟ್ರೇಟರು ರಜೆ. ಎರಡನೆಯದಕ್ಕೆ ಆ ಪೊಲೀಸ್ ಬರಲಿಲ್ಲ; ಬಂದೋಬಸ್ತಿಗೆ ಹೋಗಿದ್ದನಂತೆ. ಎರಡು ರಜೆ ಹಾಳಾದವು, ಕೋರ್ಟಿನ ವರಾಂಡದಲ್ಲಿ ಕೂತು ಹೆಂಡತಿ ಕಟ್ಟಿಕೊಟ್ಟ ಚಪಾತಿ ತಿಂದದ್ದೇ ಬಂತು. ಪ್ರತಿಸಲವೂ ಮನೆಗೆ ಬಂದು ಆ ಪೊಲೀಸನನ್ನು ಬೈದೆ. ಆಕೆ ಡಬ್ಬಿ ತೊಳೆದಿಟ್ಟಳು.

ಮೂರನೆಯ ಸಲ ಎಲ್ಲರೂ ಸಿಕ್ಕರು. ಮ್ಯಾಜಿಸ್ಟ್ರೇಟರು ನನ್ನ ಮಾತೆಲ್ಲ ಕೇಳಿ, "ಪುರಾವೊ ಛೇ?" ಎಂದರು. ಪುರಾವೆ! ಪೂಜೆಯ ದಿನ ತವರಿಗೆ ಕಳಿಸಲೆಂದು ಹೆಂಡತಿ ಫೋಟೊ ತೆಗೆದಿದ್ದು ಆಗ ನೆನಪಾಯಿತು. ಅಪ್ಪಣೆ ಕೇಳಿ ಹೊರಗೆ ಬಂದು ಫೋನ್ ಮಾಡಿದೆ.

"ಬ್ಯಾಡ ಬಿಡ್ರಿ," ಎಂದಳು. ಗದರಿದ ಮೇಲೆ ಕಳಿಸಿದಳು.

ಫೋಟೊದಲ್ಲಿ ಸ್ಕೂಟರಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಹಾರವನ್ನು ಕೆಳಗೆಳೆದು ಬಿಗಿಯಾಗಿ ಕಟ್ಟುತ್ತಿದ್ದವನು ನಾನೇ. ಚೆಂಡುಹೂವಿನ ಸಂದಿಯಲ್ಲಿ ಒಂದಂಕಿಯೂ ಕಾಣುತ್ತಿರಲಿಲ್ಲ. ನನಗದು ನೆನಪೇ ಇರಲಿಲ್ಲ. ಒಳಗೆ ಹೋಗಿ ಆ ಫೋಟೊವನ್ನೇ ತೋರಿಸಿ ತಪ್ಪೊಪ್ಪಿಕೊಂಡೆ. ಪೊಲೀಸಿನವನಿಗೆ ಕೈ ಮುಗಿದೆ. ಪಾಪ, ಅವನು ಗಾಬರಿಯಾಗಿ ತಾನೂ ಮುಗಿದ.

ದಂಡ ಕಟ್ಟಿ, ಬರುವಾಗ ಜಲೇಬಿ ಕಟ್ಟಿಸಿಕೊಂಡು ಬಂದೆ.

"ಗೊತ್ತಿದ್ದೂ ಅವತ್ತ ಯಾಕ ಹೇಳಲಿಲ್ಲ?" ಎಂದು ಹೆಂಡತಿಯನ್ನು ಕೇಳಿದೆ.

"ನಾ ಮ್ಯಾಲೇ ಕಟ್ಟಿದ್ದೆ. ಚಂದ ಕಾಣವಲ್ದು ಅಂತ ನೀವ ಇಳಿಸಿದ್ರಿ," ಎಂದಳು ಆಕೆ, ಜಲೇಬಿಯನ್ನು ತಟ್ಟೆಗೆ ಹಾಕುತ್ತ. "ಮೂರು ತಿಂಗಳು ಆ ಪೊಲೀಸಂದ ತಪ್ಪು ಅಂತ ನನಗ ಹೇಳಿದ್ರಿ. ಒಮ್ಮೆರೆ ನನ್ನ ಕೇಳಿದ್ರೇನು?"