ಓರಗಿತ್ತಿಯ ಮನೆಗೆ ನಾನು ಹಾಕಿದ ಎಸ್ಟಿಮೇಟು

2022ರಲ್ಲಿ ನಾನು ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ ಒಂದು ನಿರ್ಮಾಣ ಕಂಪನಿಯ ಸೀನಿಯರ್ ಎಸ್ಟಿಮೇಟರ್ ಆಗಿದ್ದೆ. ನಕ್ಷೆ ನೋಡಿ, ಎಷ್ಟು ಕಾಂಕ್ರೀಟು, ಎಷ್ಟು ಮರ, ಎಷ್ಟು ಕಿಟಕಿ ಎಂದು ಅಳೆದು, ಕಟ್ಟಡಕ್ಕೆ ಏನು ಖರ್ಚಾದೀತು ಎಂದು ಮೊದಲೇ ಹೇಳುವುದು ನನ್ನ ಕೆಲಸ. ಮೈಸೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ ಬಂದವಳು ಇಪ್ಪತ್ತು ವರ್ಷ ಬೇರೆಯವರ ಮನೆಗಳಿಗೆ ಲೆಕ್ಕ ಹಾಕಿದ್ದೆ. ನಾನಿರುವುದು ಮಾತ್ರ ಪಕ್ಕದ ಊರು ಅಲೆನ್‌ನ ಬಡಾವಣೆಯಲ್ಲಿ, ಬಿಲ್ಡರ್ ಒಂದೇ ಅಚ್ಚಿನಲ್ಲಿ ಕಟ್ಟಿ ಮಾರಿದ ಮನೆಯೊಂದರಲ್ಲಿ. ನಮ್ಮ ಅಡುಗೆಮನೆಯ ಕಿಟಕಿಯಿಂದ ಕಾಣುವುದು ಪಕ್ಕದ ಮನೆಯ ಇಟ್ಟಿಗೆ ಗೋಡೆ. ಪಾತ್ರೆ ತೊಳೆಯುತ್ತ ಆ ಗೋಡೆಯ ಒಂದೊಂದು ಇಟ್ಟಿಗೆಯ ಪರಿಚಯವೂ ನನಗಾಗಿದೆ.

ಆ ವರ್ಷದ ಮಾರ್ಚಿನಲ್ಲಿ ಹ್ಯೂಸ್ಟನ್‌ನಿಂದ ನನ್ನ ಮೈದುನ ರಾಘು ಫೋನ್ ಮಾಡಿದ. ಅಲ್ಲಿನ ಒಂದು ತೈಲ ಕಂಪನಿಯಲ್ಲಿ ಅವನಿಗೆ ಕೆಲಸ. ಆಸ್ಟಿನ್‌ನಿಂದ ಪಶ್ಚಿಮಕ್ಕೆ, ಗುಡ್ಡಗಾಡಿನಲ್ಲಿ, ಅವನೂ ಅವನ ಹೆಂಡತಿ ವಿದ್ಯಾಳೂ ಐದು ಎಕರೆ ಜಮೀನು ತೆಗೆದುಕೊಂಡಿದ್ದರು. ಹ್ಯೂಸ್ಟನ್ ಮನೆ ಮಾರಿ, ಆ ಹಣಕ್ಕೆ ಬ್ಯಾಂಕಿನ ಸಾಲ ಸೇರಿಸಿ, ಅಲ್ಲಿ ತಮಗೆ ಬೇಕಾದಂಥ ಮನೆ ಕಟ್ಟಿಸುವುದು ಅವರ ಯೋಜನೆ. ಮನೆಯಲ್ಲೇ ಎಸ್ಟಿಮೇಟರ್ ಇರುವಾಗ ಹೊರಗಿನವರ ಹತ್ತಿರ ಯಾಕೆ ಹೋಗಬೇಕು ಎಂದ. ಬಹಳ ಸಂತೋಷ, ನಕ್ಷೆ ಕಳಿಸು ಎಂದೆ. ಫೋನ್ ಇಟ್ಟ ಮೇಲೆ ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಯಿತು.

ಸುತ್ತಿ ಬಳಸಿ ಹೇಳುವುದೇಕೆ, ಅದು ಹೊಟ್ಟೆಕಿಚ್ಚೇ. ಈ ದೇಶಕ್ಕೆ ಮೊದಲು ಬಂದವಳು ನಾನು, ಮನೆಯ ಹಿರಿ ಸೊಸೆ ನಾನು, ಜೀವಮಾನವೆಲ್ಲ ಮನೆಗಳ ಧ್ಯಾನ ಮಾಡಿದವಳೂ ನಾನು. ಧಾರವಾಡದ ವಿದ್ಯಾಳಿಗೆ ಬೀಮಿಗೂ ಅದರ ಮೇಲೆ ಕೂರುವ ಜಾಯಿಸ್ಟಿಗೂ ವ್ಯತ್ಯಾಸ ಗೊತ್ತಿಲ್ಲ. ಅವಳಿಗೆ ಐದು ಎಕರೆ.

ಏಪ್ರಿಲಿನ ಒಂದು ಶನಿವಾರ ಜಮೀನು ನೋಡಲು ಹೋದೆವು. ನಾನೂ ನಮ್ಮ ಯಜಮಾನರೂ ಅಲೆನ್‌ನಿಂದ ಡ್ರೈವ್ ಮಾಡಿಕೊಂಡು ಹೋಗುವಷ್ಟರಲ್ಲಿ ಅವರಿಬ್ಬರೂ ಬಂದು ಕಾಯುತ್ತಿದ್ದರು. ಜಮೀನು ಪೂರ್ವಕ್ಕೆ ಇಳಿಜಾರು. ಓಕ್ ಮರಗಳ ಆಚೆ ಕಣಿವೆ, ಅದರಾಚೆ ಬರೀ ಆಕಾಶ. ವಿದ್ಯಾ ನನ್ನ ಕೈ ಹಿಡಿದು ಒಂದು ಕಡೆ ನಿಲ್ಲಿಸಿದಳು. “ಇಲ್ಲೆ ಸಿಂಕ್ ಬರ್ತದರಿ ಅಕ್ಕಾ. ಎದುರಿಗೆ ದೊಡ್ಡ ಕಿಟಕಿ. ಮುಂಜಾನೆ ಸೂರ್ಯ ಇಲ್ಲೇ ಹುಟ್ತಾನ,” ಎಂದಳು. ಸೂರ್ಯನನ್ನೂ ಇವಳೇ ಕೊಂಡುಕೊಂಡಳಲ್ಲ ಎನ್ನಿಸಿತು.

ನೋಡಲಾರದೆ ತಲೆ ತಗ್ಗಿಸಿದೆ. ಆಗ ಕಂಡಿದ್ದು ಕಾಲಕೆಳಗಿನ ಕಲ್ಲು. ಮಣ್ಣು ನಾಲ್ಕು ಬೆರಳೂ ಇರಲಿಲ್ಲ, ಅಡಿಯಲ್ಲೆಲ್ಲ ಸುಣ್ಣಕಲ್ಲಿನ ಬಂಡೆ. ಪಾಯ ತೋಡುವುದೆಂದರೆ ಬಂಡೆ ಒಡೆಯುವುದು. ನನಗೆ ನಿಜವಾಗಿ ಖುಷಿಯಾಯಿತು. ಅಲ್ಲಿಂದ ನಾನು ಸುಮ್ಮನೆ ನಿಲ್ಲಲಿಲ್ಲ; ಬೇಲಿಯುದ್ದಕ್ಕೂ ನಡೆದು ಕೊರತೆ ಹುಡುಕತೊಡಗಿದೆ. ನಲ್ಲಿ ನೀರಿಲ್ಲ, ಬೋರ್ ಕೊರೆಸಬೇಕು, ಅದೂ ಬಹಳ ಆಳಕ್ಕೆ. ಒಳಚರಂಡಿ ಇಲ್ಲ, ಮನೆಯ ಕೊಳಚೆ ನೀರು ಶುದ್ಧಿಯಾಗಲು ಸ್ವಂತ ಸೆಪ್ಟಿಕ್ ವ್ಯವಸ್ಥೆ ಬೇಕು. ಕರೆಂಟಿನ ಕೊನೆಯ ಕಂಬ ದೂರದ ರಸ್ತೆಯಲ್ಲಿದೆ. ಎಲ್ಲಕ್ಕಿಂತ ದೊಡ್ಡದು ಬಾಗಿಲಿನದು. ಧಾರವಾಡದ ಜೋಯಿಸರು ವಿಡಿಯೋ ಕಾಲ್‌ನಲ್ಲೇ ಜಮೀನು ನೋಡಿ, ಬಾಗಿಲು ಪೂರ್ವಕ್ಕೇ ಇರಲಿ ಎಂದಿದ್ದರು. ರಸ್ತೆ ಇದ್ದದ್ದು ಪಶ್ಚಿಮಕ್ಕೆ. ಕಾರು ಮನೆಯನ್ನು ಪೂರ್ತಿ ಒಂದು ಪ್ರದಕ್ಷಿಣೆ ಹಾಕಿ ಮುಂಬಾಗಿಲಿಗೆ ಬರಬೇಕು. ಗುಡ್ಡ ಇಳಿಯುವ ಕಡೆಯೇ ಮುಂಬಾಗಿಲು ಇರುವುದರಿಂದ ಅಲ್ಲಿ ಪಾಯವನ್ನು ಆಳೆತ್ತರ ಎಬ್ಬಿಸಬೇಕು.

ರಾಘುವಿನ ಲೆಕ್ಕ ಸರಳವಾಗಿತ್ತು. ಡಲ್ಲಾಸ್ ಪಕ್ಕದ ಫ್ರಿಸ್ಕೋದಲ್ಲಿ ಗೆಳೆಯರ ಹೊಸ ಮನೆಗೆ ಚದರಡಿಗೆ ಇನ್ನೂರು ಡಾಲರ್ ಬಿದ್ದಿತ್ತಂತೆ. ತನ್ನದು ಮೂರು ಸಾವಿರದ ಇನ್ನೂರು ಚದರಡಿ, ಗುಣಿಸಿದರೆ ಆರು ಲಕ್ಷ ನಲವತ್ತು ಸಾವಿರ. ನಮ್ಮವರೆಲ್ಲ ಮಾಡುವ ತಪ್ಪು ಇದು. ವಾರಾಂತ್ಯದ ಊಟದಲ್ಲಿ ಚದರಡಿ ದರ ಕೇಳಿಕೊಂಡು ಬರುತ್ತಾರೆ. ಬಡಾವಣೆಯಲ್ಲಿ ರಸ್ತೆ, ನೀರು, ಚರಂಡಿ, ಕರೆಂಟು ಎಲ್ಲ ಮನೆಯ ಬಾಗಿಲಿಗೆ ಬಂದು ನಿಂತಿರುತ್ತವೆ, ಹಳ್ಳಿಯಲ್ಲಿ ಒಂದೊಂದನ್ನೂ ನಾವೇ ಕರೆತರಬೇಕು ಎನ್ನುವುದು ನೆನಪಿಗೇ ಬರುವುದಿಲ್ಲ. ಮೂರು ವಾರ ಕೂತು ನಾನು ಹಾಕಿದ ಎಸ್ಟಿಮೇಟು ಒಂಬತ್ತು ಲಕ್ಷ ಹತ್ತು ಸಾವಿರಕ್ಕೆ ಬಂತು. ಅದರಲ್ಲಿ ಕಾಂಟಿಂಜೆನ್ಸಿ, ಅಂದರೆ ಅನಿರೀಕ್ಷಿತ ಖರ್ಚಿಗೆಂದು ತೆಗೆದಿಡುವ ಮೊತ್ತ, ನಾನು ಎಲ್ಲರಿಗೂ ಹಾಕುವಷ್ಟೇ ಇತ್ತು.

ರಾಘು ಫೋನಿನಲ್ಲಿ ಮೊತ್ತವನ್ನು ಎರಡು ಸಲ ಹೇಳಿಸಿಕೊಂಡ. ಆಮೇಲೆ, “ಕಾಡಲ್ಲಿ ಕಟ್ಟಿದ್ರೆ ಊರಿಗಿಂತ ಕಮ್ಮಿ ಆಗ್ಬೇಕಲ್ವಾ ಅತ್ತಿಗೆ? ನೀವು ಯಾಕೋ ಜಾಸ್ತಿನೇ ಹಾಕಿದೀರ ಅನ್ಸುತ್ತೆ,” ಎಂದ. ಮರುವಾರವೇ ಒಬ್ಬ ಬಿಲ್ಡರ್ ಏಳು ಲಕ್ಷದೊಳಗೆ ಮುಗಿಸಿಕೊಡುತ್ತೇನೆ ಎಂದು ಕಾಂಟ್ರ್ಯಾಕ್ಟ್ ಕಳಿಸಿದ. ಬೋರು, ಬಂಡೆ, ಕರೆಂಟು ಯಾವುದೂ ಅದರಲ್ಲಿರಲಿಲ್ಲ. ಊಟಕ್ಕೆ ಕೂತಾಗ ನಮ್ಮ ಯಜಮಾನರು ಸಾರು ಕಲಸುತ್ತ ಮೆಲ್ಲಗೆ, ಎಲ್ಲೂ ಹೆಚ್ಚಿಗೆ ಹಾಕಿಲ್ಲ ತಾನೆ ಎಂದು ಕೇಳಿದರು. ತಮ್ಮನ ಮಾತಿಗಿಂತ ಅಣ್ಣನ ಮಾತು ಹೆಚ್ಚು ಚುಚ್ಚಿತು. ಮಾಡಿಕೊಂಡು ಅನುಭವಿಸಲಿ ಎಂದು ಆ ಫೈಲನ್ನು ಮುಚ್ಚಿಟ್ಟೆ.

ಮುಚ್ಚಿಟ್ಟರೂ ನೆಮ್ಮದಿ ಇರಲಿಲ್ಲ. ಮನೆ ಕಟ್ಟುವ ಸಾಲವನ್ನು ಬ್ಯಾಂಕು ಒಟ್ಟಿಗೆ ಕೊಡುವುದಿಲ್ಲ. ಕೆಲಸ ಸಾಗಿದಂತೆ ಕಂತಿನಲ್ಲಿ ಬಿಡುತ್ತದೆ. ಎಸ್ಟಿಮೇಟು ಕಡಿಮೆಯಾಗಿದ್ದರೆ ಚಾವಣಿ ಏರುವ ಹೊತ್ತಿಗೆ ಹಣ ಮುಗಿಯುತ್ತದೆ, ಹೆಚ್ಚಿಗೆ ಕೇಳಿದರೆ ಬ್ಯಾಂಕು ಕೈಯೆತ್ತುತ್ತದೆ. ಹ್ಯೂಸ್ಟನ್ ಮನೆಗೆ ಗಿರಾಕಿ ಆಗಲೇ ಸಿಕ್ಕಿದ್ದ. ಅದು ಮಾರಾಟವಾಗಿ ಇದು ನಡುವೆ ನಿಂತರೆ ಇಬ್ಬರು ಮಕ್ಕಳೊಂದಿಗೆ ಅವರಿಗೆ ಎರಡೂ ಇಲ್ಲ.

ಆ ಬಿಲ್ಡರ್‌ನ ಕಾಂಟ್ರ್ಯಾಕ್ಟಿಗೆ ಸಹಿ ಹಾಕುವ ವಾರ ವಿದ್ಯಾ ಒಬ್ಬಳೇ ಹ್ಯೂಸ್ಟನ್‌ನಿಂದ ಡ್ರೈವ್ ಮಾಡಿಕೊಂಡು ಬಂದಳು. ಕಾಫಿ ಕೊಟ್ಟೆ. ಕುಡಿಯದೆ, ನನ್ನ ಎಸ್ಟಿಮೇಟನ್ನು ಒಂದೊಂದೇ ಸಾಲಾಗಿ ಓದಿ ಹೇಳಬೇಕು ಎಂದಳು. ನಂಬಿಕೆ ಇಲ್ಲದ ಮೇಲೆ ಓದಿ ಏನು ಪ್ರಯೋಜನ ಎಂದೆ. ಧ್ವನಿ ಗಡುಸಾಗಿಯೇ ಇತ್ತು.

“ಅಕ್ಕಾ, ನಿಮಗ ಹೊಟ್ಟಿಕಿಚ್ಚು ಆಗೇದ, ನನಗ ಗೊತ್ತದರಿ. ಆ ದಿನ ಅಲ್ಲಿ ನಿಮ್ಮ ಮುಖ ನೋಡೇ ಗೊತ್ತಾತು,” ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದುವರಿಸಿದಳು: “ಅದಕ್ಕ ನಿಮ್ಮ ಕಡೆ ಬಂದೇನಿ. ಬಾಕಿ ಮಂದಿ ಎಲ್ಲಾ ಛಲೋ ಅದ, ಛಲೋ ಅದ ಅಂದು ಹೋದ್ರು. ಬೇಲಿ ಸುತ್ತ ನಡದು ತಪ್ಪು ಹುಡುಕಿದವರು ನೀವೊಬ್ಬರರಿ.”

ಅವಳ ಆರಿದ ಕಾಫಿಯನ್ನು ಬಿಸಿ ಮಾಡಿ ತಂದಿಟ್ಟೆ. ಆಮೇಲೆ ಲ್ಯಾಪ್‌ಟಾಪ್ ತಂದೆ. ಪ್ರತಿ ಸಾಲಿಗೂ ಆಯಾ ಕೆಲಸದವರಿಗೆ ನೀನೇ ಫೋನ್ ಮಾಡಿ ದರ ಕೇಳು ಎಂದೆ. ನಾನು ನಡುವೆ ಬಾಯಿ ಹಾಕಲಿಲ್ಲ. ಬೋರ್ ಕೊರೆಯುವವನು ಹೇಳಿದ ದರ ನನ್ನದಕ್ಕಿಂತ ತುಸು ಹೆಚ್ಚೇ ಇತ್ತು. ಕರೆಂಟಿನವರದು ಸರಿಸುಮಾರು ನಾನು ಬರೆದಷ್ಟೇ. ಸಂಜೆಯ ಹೊತ್ತಿಗೆ ಅವಳು ರಾಘುವಿಗೆ ಫೋನ್ ಮಾಡಿ, ಸಹಿ ಬೇಡ ಎಂದಳು.

ಆಮೇಲಿನದು ಕತ್ತರಿ ಕೆಲಸ. ಸಿನಿಮಾ ನೋಡುವ ಕೋಣೆ ಹೋಯಿತು, ಮೂರನೇ ಕಾರಿನ ಗ್ಯಾರೇಜು ಹೋಯಿತು. ಬಾಗಿಲಿನ ವಿಷಯವನ್ನು ನಾನೇ ಜೋಯಿಸರ ಹತ್ತಿರ ಎತ್ತಿದೆ. ಉತ್ತರಕ್ಕೂ ಇಡಬಹುದು, ಅದು ಕುಬೇರನ ದಿಕ್ಕು ಎಂದರು. ಬಾಗಿಲು ಉತ್ತರಕ್ಕೆ ತಿರುಗಿ, ಮನೆ ಇಳಿಜಾರಿನಿಂದ ಹಿಂದಕ್ಕೆ ಸರಿದದ್ದರಿಂದಲೇ ಅರವತ್ತು ಸಾವಿರ ಉಳಿಯಿತು. ಇನ್ನೂ ಸ್ವಲ್ಪ ಇಳಿಸಬೇಕಿತ್ತು. ಸಿಂಕಿನ ಮುಂದಿನ ಕಿಟಕಿಯನ್ನು ಚಿಕ್ಕದು ಮಾಡೋಣವೇ ಎಂದು ವಿದ್ಯಾಳೇ ಕೇಳಿದಳು. ಹ್ಞೂಂ ಎಂದಿದ್ದರೆ ಸಾಕಿತ್ತು, ನನ್ನ ಉರಿ ಅರ್ಧ ಆರುತ್ತಿತ್ತು. ಕಿಟಕಿಗೆ ಕೈ ಹಚ್ಚಬೇಡ, ಬೇಕಾದರೆ ಬಚ್ಚಲಿನ ಇಟಲಿ ಕಲ್ಲು ಬಿಡು ಎಂದೆ.

ಮರುವರ್ಷದ ಕೊನೆಗೆ ಮನೆ ಮುಗಿಯಿತು. ತಿದ್ದಿದ ನಕ್ಷೆಗೆ ನಾನು ಕೊಟ್ಟ ಅಂಕಿಗಿಂತ ಖರ್ಚು ಹನ್ನೊಂದು ಸಾವಿರ ಕಡಿಮೆಯೇ ಬಂತು. ಆಮೇಲೆ ನನ್ನ ಕೈಕೆಳಗೆ ಕೆಲಸ ಕಲಿಯಲು ಬಂದವರಿಗೆ ನಾನು ಇದನ್ನೇ ಹೇಳುತ್ತ ಬಂದಿದ್ದೇನೆ. ಜಾಗ ನೋಡಲು ಹೋದಾಗ ಹೊಟ್ಟೆಕಿಚ್ಚಿನ ಕಣ್ಣಿನಿಂದ ನೋಡಿ, ಒಂದು ಕೊರತೆಯೂ ತಪ್ಪಿಸಿಕೊಳ್ಳುವುದಿಲ್ಲ. ಅಂಕಿ ಬರೆಯಲು ಕೂತಾಗ ಮಾತ್ರ ಆ ಹೊಟ್ಟೆಕಿಚ್ಚನ್ನು ಹೊರಗೆ ನಿಲ್ಲಿಸಿ.

ಗೃಹಪ್ರವೇಶದ ಬೆಳಿಗ್ಗೆ ಹಾಲುಕ್ಕಿಸಿದ ಪಾತ್ರೆಯನ್ನು ತೊಳೆಯಲು ನಾನೇ ಸಿಂಕಿಗೆ ತಂದೆ. ಕಿಟಕಿಯಾಚೆ ಕಣಿವೆಯ ಮೇಲೆ ಸೂರ್ಯ ಬಂದಿದ್ದ. ವಿದ್ಯಾ ಪಕ್ಕದಲ್ಲಿ ಬಂದು ನಿಂತು, “ಈಗ ಹೇಳ್ರಿ ಅಕ್ಕಾ, ಏನು ತಪ್ಪದ ಇದರಾಗ?” ಎಂದಳು. ಮೂಲೆ ನೋಡಿದೆ, ಚೌಕಟ್ಟು ನೋಡಿದೆ, ಗಾಜಿನ ಸಂದಿಗೆ ಬೆರಳು ಹಾಕಿ ನೋಡಿದೆ. ಏನೂ ಸಿಗಲಿಲ್ಲ. ಅವತ್ತು ಆದಷ್ಟು ಹೊಟ್ಟೆಕಿಚ್ಚು ನನಗೆ ಜಮೀನು ನೋಡಿದ ದಿನವೂ ಆಗಿರಲಿಲ್ಲ.