ಕಾಮನ್ ಮೀಟರಿನ ವಸಂತಣ್ಣ

ವಸಂತಣ್ಣ ಯಾರ ಮೀಟರನ್ನೂ ತಾವು ಓದುತ್ತಿರಲಿಲ್ಲ, ಪಕ್ಕದವರಿಂದ ಓದಿಸುತ್ತಿದ್ದರು. ಠಾಣೆಯ ವಾಗ್ಳೆ ಎಸ್ಟೇಟಿನ ನಮ್ಮ ಕಟ್ಟಡದಲ್ಲಿ ಹನ್ನೆರಡು ಗಾಳಾಗಳು, ಅಂದರೆ ಶಟರ್ ಇರುವ ಬಾಡಿಗೆ ಕೋಣೆಗಳು. ಅಲ್ಲಿನ ಮೀಟರು, ಪಂಪು ನೋಡಿಕೊಳ್ಳುವ ಕೆಲಸ ಅವರದು. ತಿಂಗಳ ಮೊದಲ ದಿನ ಬೆಳಿಗ್ಗೆ ಅವರು ಮೆಟ್ಟಿಲ ಕೆಳಗಿನ ಮೀಟರುಗಳ ಮುಂದೆ ಪುಸ್ತಕ ಹಿಡಿದು ನಿಂತರೆಂದರೆ, ನನ್ನ ಟಿಫಿನ್ ಅಡುಗೆಮನೆಯ ಅಂಕಿಯನ್ನು ಪಕ್ಕದ ಪ್ರೆಸ್ಸಿನವನು ಗಟ್ಟಿಯಾಗಿ ಓದಬೇಕು, ಅವನದನ್ನು ನಾನು. ಒಲೆಯ ಮೇಲೆ ಸಾಂಬಾರು ಕುದಿಯುತ್ತಿದ್ದರೂ ಬಿಡುತ್ತಿರಲಿಲ್ಲ. "ಕಣ್ಣು ಬೇರೆಯವರದ್ದು ಇರ್ಲಿ ಅಕ್ಕ, ಬರೆಯುವ ಕೈ ಮಾತ್ರ ನಂದು. ಮತ್ತೆ ಜಗಳ ಇಲ್ಲ" ಎನ್ನುತ್ತಿದ್ದರು.

ಅವರೂ ನಾನೂ ಉಡುಪಿ ಕಡೆಯವರು. ಬಂದ ಹೊಸದರಲ್ಲಿ ನಾನು ಅದನ್ನೇ ಹಿಡಿದು, "ನಮ್ಮವರು ಅಂತ ಸ್ವಲ್ಪ ನೋಡ್ಕೊಳ್ಳಿ ವಸಂತಣ್ಣ" ಎಂದಿದ್ದೆ. ಸಿಟ್ಟು ಬಂದಷ್ಟೂ ಅವರ ದನಿ ಇಳಿಯುತ್ತಿತ್ತು. "ಊರು ಮನೇಲಿ ಇರ್ಲಿ. ಇಲ್ಲಿ ನೀವು ಏಳನೇ ನಂಬರ್" ಎಂದು ಪಿಸುಗುಟ್ಟಿದಂತೆ ಹೇಳಿ ಹೋಗಿದ್ದರು. ನನಗೆ ಎಷ್ಟು ಉರಿಯಿತೆಂದರೆ, ಒಂದು ವಾರ ಅವರಿಗೆ ನಮಸ್ಕಾರವನ್ನೂ ಹೇಳಲಿಲ್ಲ.

ನಮ್ಮ ಜಗಳವೆಲ್ಲ ಕಾಮನ್ ಮೀಟರಿನದು. ಲಿಫ್ಟು, ನೀರಿನ ಪಂಪು, ಪ್ಯಾಸೇಜಿನ ದೀಪಗಳಿಗೆ ಒಂದು ಮೀಟರು. ಅದರ ಬಿಲ್ಲು ಹನ್ನೆರಡು ಪಾಲು. ಎರಡು ವರ್ಷದಿಂದ ಆ ಬಿಲ್ಲು ಏರಿ ಕೂತಿತ್ತು. ಯಾರೋ ಪ್ಯಾಸೇಜಿನಿಂದ ಕರೆಂಟ್ ಎಳೆದಿದ್ದಾರೆ ಎಂಬ ಮಾತು ಹುಟ್ಟಿತು. ಬೆರಳು ತೋರಿಸಿದ್ದು ಮೂರನೇ ಮಹಡಿಯ ರಫೀಕನ ಕಡೆಗೆ. ಅವನ ಕಸೂತಿ ಮೆಷಿನ್ನುಗಳು ದಿನವಿಡೀ ಓಡುತ್ತಿದ್ದವಲ್ಲ. ಎಲ್ಲರಿಗಿಂತ ದೊಡ್ಡದಾಗಿ ಕೂಗಿದವಳು ನಾನೇ. ಕಟ್ಟಡದ ಸೆಕ್ರೆಟರಿ ಪವಾರರು ತೀರ್ಮಾನ ಹೇಳಿಬಿಟ್ಟರು: ಸೋಮವಾರ ಬೆಳಿಗ್ಗೆ ಹತ್ತಕ್ಕೆ ರಫೀಕನ ಲೈನು ಕಟ್. ಮದುವೆ ಸೀಸನ್ನಿನ ಆರ್ಡರುಗಳು ಕೈಯಲ್ಲಿದ್ದವು. ಲೈನು ಹೋದರೆ ಗಾಳಾ ಬಿಟ್ಟು ಹೋಗುವುದೊಂದೇ ಅವನಿಗೆ ದಾರಿ.

ಪರೀಕ್ಷಿಸಿ ನೋಡಲು ಭಾನುವಾರ ಒಂದು ದಿನ ಕೊಡಿ ಎಂದು ವಸಂತಣ್ಣ ಕೇಳಿಕೊಂಡರು. ಎಲ್ಲ ಗಾಳಾಗಳ ಮೇನ್ ಆಫ್ ಮಾಡಿಸಿ, ಲಿಫ್ಟು, ಪಂಪು, ಪ್ಯಾಸೇಜಿನ ದೀಪ ಎಲ್ಲ ನಿಲ್ಲಿಸಿ, ಕಾಮನ್ ಮೀಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಮೀಟರಿನ ಕೆಂಪು ಚುಕ್ಕೆ ಮಿನುಗುತ್ತಲೇ ಇತ್ತು, ಅಂದರೆ ಎಲ್ಲಿಗೋ ಕರೆಂಟ್ ಹೋಗುತ್ತಲೇ ಇತ್ತು. ಅವರು ಎದ್ದು ಒಂದೊಂದೇ ಬಾಗಿಲಿಗೆ ಹೋಗಿ ಕಿವಿಗೊಟ್ಟು ನಿಲ್ಲುತ್ತ ಬಂದರು. ನನ್ನ ಬಾಗಿಲಿಗೆ ಬಂದವರು ಒಳಗೇ ಬಂದುಬಿಟ್ಟರು.

"ಮೇನ್ ಆಫ್ ಮಾಡಿದ್ದೀರಲ್ಲ, ಅಕ್ಕ?"

"ಆಗ್ಲೇ ಮಾಡಿದೆ. ಫ್ಯಾನ್ ನೋಡಿ, ನಿಂತಿದೆ."

"ಮತ್ತೆ ಇದು?"

ಕತ್ತಲೆ ಅಡುಗೆಮನೆಯ ಮೂಲೆಯಲ್ಲಿ ನನ್ನ ದೊಡ್ಡ ಫ್ರಿಜ್ಜು ಗುಂಯ್ ಎನ್ನುತ್ತಿತ್ತು.

ಗಣಪತಿ ಹಬ್ಬದ ಆರ್ಡರುಗಳ ಗಡಿಬಿಡಿಯಲ್ಲಿ ತಂದ ಫ್ರಿಜ್ಜು ಅದು. ಬೇಗ ಮಾಡಿಕೊಡು ಎಂದು ವೈರ್‌ಮನ್ನನ ಜೀವ ತಿಂದಿದ್ದೆ. ಅವನು ಗೋಡೆಯಾಚೆ ಹತ್ತಿರ ಸಿಕ್ಕ ಪ್ಯಾಸೇಜಿನ ಬೋರ್ಡಿನಿಂದ ತಂತಿ ಎಳೆದು ಹೋಗಿದ್ದ. ಎರಡು ವರ್ಷ ನನ್ನ ಫ್ರಿಜ್ಜನ್ನು ಹನ್ನೆರಡು ಜನ ಸಾಕಿದ್ದರು, ರಫೀಕನೂ ಸೇರಿ.

"ಯಾರಿಗೂ ಹೇಳ್ಬೇಡಿ ವಸಂತಣ್ಣ. ಇವತ್ತೇ ವೈರ್ ಬದಲಿಸ್ತೇನೆ."

ಅವರ ದನಿ ಪೂರ್ತಿ ಇಳಿದಿತ್ತು. "ನಾಳೆ ಹತ್ತಕ್ಕೆ ರಫೀಕನ ಲೈನು ಕಟ್ ಆಗ್ತದೆ. ಅದಕ್ಕಿಂತ ಮುಂಚೆ ನೀವೇ ಹೇಳಿ. ನಾನು ಹೇಳಿದ್ರೆ ನೀವು ಕಳ್ಳಿ ಆಗ್ತೀರಿ. ನೀವು ಹೇಳಿದ್ರೆ, ತಪ್ಪಾಯ್ತು ಅಂತ ಆಗ್ತದೆ, ಅಷ್ಟೆ."

ಮರುದಿನ ಹತ್ತಕ್ಕೆ ಮುಂಚೆ ಪವಾರರ ಆಫೀಸಿನಲ್ಲಿ ಎಲ್ಲರ ಮುಂದೆ ನಿಂತು ಹೇಳಿದೆ. ಎಲ್ಲರ ಪಾಲನ್ನೂ ತೀರಿಸುತ್ತೇನೆ ಎಂದೆ. ರಫೀಕ್ ಎರಡೂ ಕೈಯಲ್ಲಿ ಮುಖ ಒರೆಸಿಕೊಂಡ. ಅವನು ಬೈದಿದ್ದರೆ ನನಗೆ ಒಳ್ಳೆಯದಿತ್ತು. ಪ್ರೆಸ್ಸಿನವನು ಮಾತ್ರ ನನ್ನನ್ನು ಹರಿದು ತಿನ್ನುವ ಹಾಗೆ ನೋಡುತ್ತಿದ್ದ. ಅಷ್ಟರಲ್ಲಿ ಪವಾರರು ಮೇಜು ಬಡಿದರು. "ಮೀಟರ್ ತೋ ಇಸ್ಕೇ ಹಾಥ್ ಮೇಂ ಥಾ! ದೋನೋ ಏಕ್ ಹೀ ಗಾಂವ್ ಕೇ!" ಮೀಟರು ನೋಡುವವನೂ ಇವಳ ಊರಿನವನೇ, ಎರಡು ವರ್ಷ ಮುಚ್ಚಿಟ್ಟಿದ್ದಾನೆ ಎಂಬುದು ಅವರ ಲೆಕ್ಕ. ಎಲ್ಲ ಮುಖಗಳೂ ನನ್ನನ್ನು ಬಿಟ್ಟು ವಸಂತಣ್ಣನ ಕಡೆ ತಿರುಗಿದವು.

ವಸಂತಣ್ಣ ನನ್ನನ್ನು ನೋಡಿದರು. ಅವರಿಗೆ ನಿನ್ನೆಯವರೆಗೆ ಗೊತ್ತಿರಲಿಲ್ಲ, ಹುಡುಕಿ ತೆಗೆದವರೇ ಅವರು ಎಂದು ನಾನು ಹೇಳಬೇಕಿತ್ತು. ಆದರೆ ಆ ಕಣ್ಣುಗಳೆಲ್ಲ ನನ್ನಿಂದ ಸರಿದು ಆಗಷ್ಟೇ ಉಸಿರು ಬಂದಿತ್ತು. ಬಾಯಿಬಿಟ್ಟರೆ ಮತ್ತೆ ನನ್ನ ಮೇಲೆಯೇ ಬೀಳುತ್ತವೆ ಎಂದು ಹೆದರಿದೆ. ಸೆರಗಿನ ಅಂಚು ನೋಡುತ್ತ ನಿಂತೆ. "ಮುಝೇ ಮಾಲೂಮ್ ನಹೀಂ ಥಾ", ನನಗೆ ಗೊತ್ತಿರಲಿಲ್ಲ, ಎಂದು ಅವರು ಒಂದೇ ಸಲ ಹೇಳಿದರು, ಪಕ್ಕದಲ್ಲಿದ್ದ ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ. ಆಮೇಲೆ ಪಂಪಿನ ಕೋಣೆಯ ಬೀಗದಕೈ ಮೇಜಿನ ಮೇಲಿಟ್ಟು ಹೋದರು.

ಕೆಲವು ತಿಂಗಳ ಮೇಲೆ ಐರೋಲಿ ಸ್ಟೇಷನ್ನಿನಲ್ಲಿ ಸಿಕ್ಕರು. ಯಾವುದೋ ಐಟಿ ಪಾರ್ಕಿನ ಗೇಟಿನಲ್ಲಿ ಕೆಲಸವಂತೆ, ನೀಲಿ ಯೂನಿಫಾರ್ಮು ಹೆಗಲಲ್ಲಿ ಸಡಿಲವಾಗಿತ್ತು.

"ಕಾಮನ್ ಬಿಲ್ಲು ಇಳೀತಾ?"

"ಅರ್ಧಕ್ಕರ್ಧ ಇಳೀತು."

"ರಫೀಕ್ ಇದ್ದಾನಲ್ಲ?"

"ಇದ್ದಾನೆ. ಇನ್ನೊಂದು ಮೆಷಿನ್ ಹಾಕಿದ್ದಾನೆ."

ಅವರ ಮುಖ ಅರಳಿತು. ನಾನು ಕ್ಷಮೆ ಕೇಳಲು ಮಾತು ಹುಡುಕುತ್ತಿದ್ದಾಗಲೇ ಹೇಳಿದರು: "ಅವತ್ತು ನೀವು ಒಂದು ಮಾತು ಹೇಳ್ತೀರಿ ಅಂತ ಕಾದೆ, ಅಕ್ಕ." ಅದರಲ್ಲಿ ಸಿಟ್ಟೇನೂ ಇರಲಿಲ್ಲ. ಅಷ್ಟರಲ್ಲಿ ಠಾಣೆ ಗಾಡಿ ಬಂತು. "ಹತ್ತಿ ಹತ್ತಿ, ಸೀಟುಂಟು" ಎಂದು ನನ್ನ ಚೀಲ ಎತ್ತಿಕೊಟ್ಟರು. ಆಮೇಲೆ ನಾನು ಅವರನ್ನು ಕಂಡಿಲ್ಲ.

ಮುಂದಿನ ಮೀಟಿಂಗಿನಲ್ಲಿ ಎದ್ದು ನಿಂತು, ವಸಂತಣ್ಣನಿಗೆ ಏನೂ ಗೊತ್ತಿರಲಿಲ್ಲ ಎಂದೆ. ಪವಾರರು "ಠೀಕ್ ಹೈ" ಎಂದು ಲಿಫ್ಟಿನ ರಿಪೇರಿಯ ವಿಷಯ ಎತ್ತಿಕೊಂಡರು. ಯಾರೂ ನನ್ನತ್ತ ತಿರುಗಿಯೂ ನೋಡಲಿಲ್ಲ. ಅಷ್ಟು ಸುಲಭದ ಮಾತಾಗಿತ್ತು ಅದು.