ಜೇಬು ಬಲಗಡೆಗಿದ್ದ ಫೋಟೋ

ನನಗೆ ನನ್ನ ಅವ್ವ ಸಿಕ್ಕಿದಳು! ಅರವತ್ತೈದನೇ ವಯಸ್ಸಿನಲ್ಲಿ ಸಿಕ್ಕಿದಳು, ಮೊಮ್ಮಗಳು ಹುಡುಕಿಕೊಟ್ಟಳು. ಈ ಸಂತೋಷವನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ ಬೀದಿಯವರಿಗೆಲ್ಲ ಹೇಳಿಯಾಯಿತು. ಹಾಲಿನವನಿಗೆ ಎರಡು ಸಲ ಹೇಳಿದೆನಂತೆ, ಹೆಂಡತಿ ನಗುತ್ತಾಳೆ. ಈಗ ನಿಮಗೂ ಹೇಳುತ್ತೇನೆ.

ನಡೆದದ್ದು ಈ ವರ್ಷ ಸಂಕ್ರಾಂತಿ ಕಳೆದ ಮೊದಲನೇ ಭಾನುವಾರ. ನಾನು ಯಲಹಂಕದ ಹತ್ತಿರ ಅಟ್ಟೂರಿನಲ್ಲಿರುವ ದರ್ಜಿ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು ಹಳೇ ಪೇಟೆಯ ಮೇಸ್ತ್ರಿಯೊಬ್ಬರ ಹತ್ತಿರ ಹೊಲಿಗೆ ಕಲಿತವನು. ಈಗಲೂ ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಇದೆ, ಪ್ಯಾಂಟು ಮೊಟಕು ಮಾಡುವುದು, ಜಿಪ್ಪು ಹಾಕುವುದು ಅಂತ ಏನಾದರೂ ಕೆಲಸ ಬರುತ್ತಲೇ ಇರುತ್ತದೆ.

ಅವ್ವ ತೀರಿಕೊಂಡಾಗ ನನಗೆ ಮೂರು ವರ್ಷ. ಹೆಸರು ಮುನಿಯಮ್ಮ ಅಂತ ಗೊತ್ತು. ಮುಖ ಗೊತ್ತಿಲ್ಲ. ಆ ಕಾಲದಲ್ಲಿ ಕೂಲಿ ಮಾಡುವವರ ಮನೆಯಲ್ಲಿ ಫೋಟೋ ಎಲ್ಲಿಂದ ಬರಬೇಕು? ಅಪ್ಪನದಾದರೂ ರೇಷನ್ ಕಾರ್ಡಿಗೆ ಅಂತ ತೆಗೆಸಿದ್ದು ಒಂದಿತ್ತು. ಪ್ರತಿ ವರ್ಷ ಹಿರಿಯರ ಪೂಜೆಯಲ್ಲಿ ಆ ಫೋಟೋದ ಪಕ್ಕದಲ್ಲಿ ಒಂದು ಕಳಸ ಇಟ್ಟು, ಅದಕ್ಕೆ ಹೊಸ ಸೀರೆ ಉಡಿಸಿ ಕೈ ಮುಗಿಯುತ್ತಿದ್ದೆ. ಸೀರೆ ಉಟ್ಟ ಆ ಕಳಸವೇ ನನ್ನ ಅವ್ವ.

ಅವ್ವನ ಮುಖ ನೆನಪಿರುವವಳು ಒಬ್ಬಳೇ, ನನ್ನ ಅಕ್ಕ ಹೊನ್ನಮ್ಮ. ನನಗಿಂತ ಎಂಟು ವರ್ಷ ದೊಡ್ಡವಳು, ಬಾಗಲೂರಿಗೆ ಕೊಟ್ಟಿದೆ. ಅವಳಿಗೆ ಒಂದು ಕಣ್ಣು ಹೋಗಿ ಬಹಳ ಕಾಲವಾಯಿತು, ಇನ್ನೊಂದೂ ಮಂಜಾಗುತ್ತಾ ಬಂದಿದೆ. ಅಕ್ಕ ಒಂದು ಮಾತನ್ನು ಮೊದಲಿನಿಂದಲೂ ಹೇಳುತ್ತಿದ್ದಳು. "ಅವ್ವ ಸಿನಿಮಾದಾಗೆ ನಿಂತಿದ್ಲು ಕಣೋ ರಾಜ. ಛತ್ರದ ಮುಂದೆ, ಕೊಡ ಇಟ್ಕೊಂಡು." ಯಲಹಂಕದಲ್ಲಿ ಆಗ ನಮ್ಮ ಗುಡಿಸಲಿದ್ದ ಕಡೆಯ ಛತ್ರ ಅದು.

ನಾವೆಲ್ಲ ನಗುತ್ತಿದ್ದೆವು. ಬಾವ ಬದುಕಿದ್ದಾಗ, "ಹೀರೋಯಿನ್ ಮಗಳನ್ನೇ ಕಟ್ಕೊಂಡೆ ನೋಡಪ್ಪ, ನನ್ನ ಅದೃಷ್ಟ" ಅಂತ ಗೇಲಿ ಮಾಡುತ್ತಿದ್ದರು. ಅಕ್ಕ ಮುಖ ಊದಿಸಿಕೊಂಡು ಒಳಗೆ ಹೋಗುತ್ತಿದ್ದಳು.

ನಗದೇ ಇದ್ದವಳು ನನ್ನ ಮೊಮ್ಮಗಳು ಸಿಂಚನಾ. ಮಗ ನಾಗರಾಜನ ಮಗಳು, ಕಾಲೇಜಿಗೆ ಹೋಗುತ್ತಾಳೆ. ಅವಳಿಗೆ ಒಂದು ಹುಚ್ಚು. ಬೆಂಗಳೂರಿನ ಹಳೇ ಫೋಟೋ ಕೈಯಲ್ಲಿ ಹಿಡಿದು, ಅದರಲ್ಲಿರುವ ಕಟ್ಟಡ ಈಗ ಎಲ್ಲಿದೆ ಅಂತ ಹುಡುಕುವುದು. ಸಿಕ್ಕಿದರೆ, ಆವತ್ತು ಫೋಟೋ ತೆಗೆದವನು ನಿಂತಿದ್ದ ಜಾಗದಲ್ಲೇ ನಿಂತು, ಹಳೇ ಫೋಟೋವನ್ನು ಕಟ್ಟಡಕ್ಕೆ ಸರಿಯಾಗಿ ಕೂರುವ ಹಾಗೆ ಎತ್ತಿ ಹಿಡಿದು, ಹೊಸದೊಂದು ಫೋಟೋ ತೆಗೆಯುವುದು. ಸಿನಿಮಾ ಶೂಟಿಂಗ್ ಆದ ಜಾಗ ಅಂದರಂತೂ ಮುಗಿಯಿತು. ಹೆಬ್ಬಾಳ, ಯಶವಂತಪುರ ಅಂತ ನನ್ನನ್ನೂ ಸ್ಕೂಟರಿನಲ್ಲಿ ಸುತ್ತಾಡಿಸಿದ್ದಾಳೆ. "ತಾತ, ಹೀರೋ ಸೈಕಲ್ಲಿಂದ ಬೀಳ್ತಾನಲ್ಲ, ಅದು ಇದೇ ಕಾಂಪೌಂಡು!" ಅಂತ ಅವಳು ಕುಣಿಯುತ್ತಿದ್ದರೆ, ಬೀಳುವುದಕ್ಕೂ ಒಂದು ಜಾಗ ಹುಡುಕಬೇಕಾ ಅಂತ ನನಗೆ ನಗು.

ಅಕ್ಕನ ಕಥೆ ಕೇಳಿದ ಮೇಲೆ ಅವಳು ಬಿಡಲಿಲ್ಲ. ಎರಡು ವರ್ಷ ಕಂಡವರನ್ನೆಲ್ಲ ಕೇಳಿದಳು. ಆಗೆಲ್ಲ ಸಿನಿಮಾ ಮದರಾಸಿನಲ್ಲೇ ತಯಾರಾಗುತ್ತಿತ್ತು, ಹೊರಗಿನ ದೃಶ್ಯಕ್ಕೆ ಮಾತ್ರ ಈ ಕಡೆ ಬರುತ್ತಿದ್ದರಂತೆ. ಛತ್ರದ ಹತ್ತಿರ ತೆಗೆದ ಆ ಸಿನಿಮಾದ ರೀಲು ಈಗ ಎಲ್ಲೂ ಉಳಿದಿಲ್ಲ ಅಂತ ಗೊತ್ತಾಯಿತು. ಶೂಟಿಂಗಿನ ಫೋಟೋವಾದರೂ ಸಿಗಲಿ ಅಂತ ಹುಡುಕಿದಳು.

ಆ ಭಾನುವಾರ ಬೆಳಗ್ಗೆ ಸಿಂಚನಾ ಒಂದು ದೊಡ್ಡ ಪ್ರಿಂಟು ತಂದು ನನ್ನ ಮಿಷನ್ ಮೇಲೆ ಇಟ್ಟಳು. ಆರ್.ಟಿ. ನಗರದಲ್ಲಿ ಶೂಟಿಂಗ್ ಫೋಟೋಗಳನ್ನು ಕೂಡಿಡುವ ಯಜಮಾನರೊಬ್ಬರ ಹತ್ತಿರ ಸಿಕ್ಕಿತಂತೆ. ಮೂಲ ಫೋಟೋದ ಹಿಂದೆ ಪೆನ್ಸಿಲಿನಲ್ಲಿ 'ಯಲಹಂಕ ಛತ್ರ' ಅಂತ ಬರೆದಿತ್ತಂತೆ.

ಫೋಟೋದಲ್ಲಿ ಮೂರು ಕಮಾನಿನ ಕಲ್ಲು ಕಟ್ಟಡ, ಪಕ್ಕದಲ್ಲಿ ಮಾಳಿಗೆಗೆ ಹತ್ತುವ ಮೆಟ್ಟಿಲು. ಮುಂದೆ ಕೊಡ ಇಟ್ಟುಕೊಂಡ ಆರು ಜನ ಹೆಂಗಸರು. ಐದು ಜನ ಕ್ಯಾಮರಾ ನೋಡುತ್ತಿದ್ದಾರೆ, ಕಂಬದ ಹತ್ತಿರ ನಿಂತವಳು ಮಾತ್ರ ಕತ್ತು ತಿರುಗಿಸಿ ಪಕ್ಕಕ್ಕೆಲ್ಲೋ ನೋಡುತ್ತಿದ್ದಾಳೆ. ಆ ಕಂಬದ ಹಿಂದಿನಿಂದ ಯಾರದೋ ಪುಟ್ಟ ಕೈ ಕಾಣುತ್ತಿತ್ತು. ಇನ್ನೊಂದು ಕಡೆ ಮೂವರು ಗಂಡಸರು.

"ಇದ್ರಲ್ಲಿ ಯಾರನ್ನಾದ್ರೂ ನೋಡಿದ್ರೆ ನಿಮ್ಮಮ್ಮ ಅನ್ಸುತ್ತಾ ತಾತ?"

ನಾನು ಒಂದೊಂದೇ ಮುಖ ನೋಡಿದೆ. ಮೊದಲಿನಿಂದ ಕೊನೆಗೆ, ಮತ್ತೆ ಕೊನೆಯಿಂದ ಮೊದಲಿಗೆ. ಹೆತ್ತ ತಾಯಿ ಈ ಆರು ಜನರಲ್ಲಿ ಇದ್ದರೂ ಇರಬಹುದು, ನನಗೆ ಗುರುತಿಲ್ಲ.

ಸಿಂಚನಾ ನನ್ನ ಮುಖ ನೋಡಿ ಮೆಲ್ಲಗೆ ಅಂದಳು, "ಬೇಜಾರ್ ಮಾಡ್ಕೋಬೇಡ ತಾತ. ಇದು ನಮ್ಮ ಛತ್ರ ಅಲ್ಲ ಅನ್ಸುತ್ತೆ. ಬೆಳಗ್ಗೆನೇ ಹೋಗಿ ನೋಡ್ಕೊಂಡ್ ಬಂದೆ. ಅಲ್ಲಿ ಮೆಟ್ಲು ಎಡಗಡೆ ಇದೆ, ಇದ್ರಲ್ಲಿ ಬಲಗಡೆ. ಬೇರೆ ಯಾವ್ದೋ ಊರಿನ ಛತ್ರ. ಬರೆದೋರು ತಪ್ಪು ಬರೆದಿದಾರೆ."

ನನ್ನ ಹೆಂಡತಿ ಜಯಮ್ಮ ಕಾಫಿ ತಂದಿಟ್ಟು, "ಹೋಗ್ಲಿ ಬಿಡ್ರೀ. ಇಷ್ಟ್ ವರ್ಷ ಇಲ್ದೇ ಇದ್ದಿದ್ದು" ಅಂದಳು. ಸಮಾಧಾನಕ್ಕೆ ಹೇಳಿದ್ದು, ಆದರೂ ಎದೆಗೆ ಚುಚ್ಚಿತು.

ಅವರಿಬ್ಬರೂ ಒಳಗೆ ಹೋದರು. ನಾನು ಫೋಟೋ ಮುಂದೆಯೇ ಕೂತಿದ್ದೆ. ಮುಖಗಳನ್ನು ನೋಡಲು ಧೈರ್ಯ ಸಾಲದೆ ಕಣ್ಣು ಬಟ್ಟೆಯ ಕಡೆಗೆ ಹೋಯಿತು. ದರ್ಜಿಯ ಕಣ್ಣು, ಇನ್ನೆಲ್ಲಿಗೆ ಹೋದೀತು? ಆ ಮೂವರು ಗಂಡಸರ ಶರ್ಟಿನಲ್ಲಿ ಏನೋ ಸರಿಯಿಲ್ಲ ಅನ್ನಿಸಿತು. ಕನ್ನಡಕ ಒರೆಸಿ ನೋಡಿದೆ. ಒಬ್ಬನಿಗೆ ಜೇಬು ಬಲಗಡೆ ಎದೆಯ ಮೇಲಿತ್ತು. ಎರಡನೆಯವನಿಗೂ ಬಲಗಡೆ. ಮೂರನೆಯವನಿಗೂ ಬಲಗಡೆಯೇ!

ನನ್ನ ಎಡಗೆನ್ನೆ ಚುರುಗುಟ್ಟಿತು. ಕೆಲಸ ಕಲಿಯುವಾಗ ನಾನೊಂದು ಶರ್ಟಿಗೆ ಬಲಗಡೆ ಜೇಬು ಇಟ್ಟು ಮೇಸ್ತ್ರಿಯಿಂದ ಅದೇ ಕೆನ್ನೆಗೆ ತಿಂದಿದ್ದೆ. ಗಂಡಸರ ಶರ್ಟಿಗೆ ಒಂದೇ ಜೇಬಾದರೆ ಅದು ಎಡಕ್ಕೆ. ಗುಂಡಿ ತೂರಿಸುವ ಕಾಜಾ ಎಡಗಡೆ ಪಟ್ಟಿಗೆ, ಗುಂಡಿ ಬಲಗಡೆ ಪಟ್ಟಿಗೆ. ಇಲ್ಲಿ ಅದೂ ಅದಲುಬದಲಾಗಿತ್ತು. ಹೆಂಗಸರ ಸೆರಗನ್ನು ನಂಬುವ ಹಾಗಿಲ್ಲ, ಬಲಗಡೆಗೆ ಹೊದೆಯುವವರೂ ಇದ್ದಾರೆ. ಆದರೆ ದರ್ಜಿ ಕುಡಿದು ಹೊಲಿದರೂ ಮೂರು ಜನಕ್ಕೂ ತಪ್ಪು ಜೇಬು ಇಡುವುದಿಲ್ಲ.

"ಪುಟ್ಟೀ! ಬಾ ಇಲ್ಲಿ! ಈ ಫೋಟೋನೇ ಉಲ್ಟಾ ಕಣೇ!"

ಓಡಿ ಬಂದಳು. ಜೇಬು ತೋರಿಸಿದೆ. ನೋಡಿ ಹಣೆ ಹಣೆ ಬಡಿದುಕೊಂಡಳು. "ಅಯ್ಯೋ! ನೆಗೆಟಿವ್ ತಿರುವಿ ಇಟ್ಟು ಪ್ರಿಂಟ್ ಹಾಕಿದಾರೆ! ಎರಡು ವರ್ಷದಿಂದ ನಾನು ಕಟ್ಟಡ ನೋಡೋದು ಕಲ್ತೆ ಅಂದ್ಕೊಂಡಿದ್ದೆ. ನೀನು ಜೇಬು ನೋಡಿ ಹೇಳ್ಬಿಟ್ಟೆ!" ಮೊಬೈಲಿನಲ್ಲಿ ಏನೋ ಒತ್ತಿದಳು. ಇಡೀ ಫೋಟೋ ಪಕ್ಕಕ್ಕೆ ಹೊರಳಿತು. ಜೇಬುಗಳೆಲ್ಲ ಎಡಕ್ಕೆ ಬಂದವು, ಮೆಟ್ಟಿಲೂ ಎಡಕ್ಕೆ ಬಂತು.

ಬೀದಿಯ ತುದಿಯ ಅಂಗಡಿಯಲ್ಲಿ ಸರಿಯಾದ ಪ್ರಿಂಟು ಹಾಕಿಸಿಕೊಂಡು, ಮಗ ನಾಗರಾಜನನ್ನೂ ಎಬ್ಬಿಸಿಕೊಂಡು, ಅವನು ಓಡಿಸುವ ಸ್ಕೂಲ್ ವ್ಯಾನಿನಲ್ಲೇ ಛತ್ರಕ್ಕೆ ಹೋದೆವು. ಅದೀಗ ಸಿಮೆಂಟ್ ಮೂಟೆ ಇಡುವ ಗೋದಾಮು. ಗೋದಾಮಿನವರು ಹೊರಗೆ ಬಂದು, "ಏನ್ ಯಜಮಾನ್ರೇ, ಬಿಲ್ಡಿಂಗ್ ತಗೊಳೋಕೆ ನೋಡ್ತಿದೀರಾ?" ಅಂದರು.

"ಇಲ್ಲ ಸ್ವಾಮಿ, ನಮ್ಮವ್ವನ್ನ ಹುಡುಕ್ತಾ ಇದೀನಿ" ಅಂದೆ. ಅವರು ನಾಗರಾಜನ ಮುಖ ನೋಡಿದರು, ನಾಗರಾಜ ಆಕಾಶ ನೋಡಿದ.

ಸಿಂಚನಾ ಹಿಂದೆ ಹಿಂದೆ ಹೋಗಿ ರಸ್ತೆಯ ಅಂಚಿನಲ್ಲಿ ನಿಂತು ಪ್ರಿಂಟನ್ನು ಎತ್ತಿ ಹಿಡಿದಳು. "ತಾತ, ನನ್ನ ಭುಜದ ಹಿಂದೆ ನಿಂತು ನೋಡು." ನೋಡಿದೆ. ಫೋಟೋದ ಕಮಾನು ಕಲ್ಲಿನ ಕಮಾನಿಗೆ ಹೋಗಿ ಕೂಡಿಕೊಂಡಿತು. ಮೂರನೇ ಮೆಟ್ಟಿಲಿನ ಮೂಲೆ ಆವತ್ತೂ ಮುರಿದಿತ್ತು, ಈವತ್ತೂ ಮುರಿದಿದೆ. ಹೆಂಗಸರು ನಿಂತಿದ್ದ ಕಡೆ ಸಿಮೆಂಟಿನ ಧೂಳು. ನಾನು ಹೋಗಿ ಆ ಕಂಬದ ಪಕ್ಕ ನಿಂತೆ. ರಸ್ತೆಯಿಂದ ನೋಡಿದರೆ ಛತ್ರದ ಬಲಕ್ಕೆ, ಕೆರೆಯ ಕಡೆಗೆ ನಮ್ಮ ಗುಡಿಸಲು ಇದ್ದದ್ದು, ಈಗ ಅಲ್ಲಿ ಮೂರಂತಸ್ತಿನ ಮನೆ ಎದ್ದಿದೆ, ತಂತಿಯ ಮೇಲೆ ಬಟ್ಟೆಗಳು ಒಣಗುತ್ತಿದ್ದವು.

ಜಾಗವೇನೋ ಸಿಕ್ಕಿತು. ಆದರೆ ಆರು ಜನರಲ್ಲಿ ಅವ್ವ ಇದ್ದಾಳಾ? ಇದ್ದರೆ ಯಾರು? ಅದನ್ನು ಹೇಳಬೇಕಾದವಳು ಅಕ್ಕ. ಅವಳು ಇಲ್ಲ ಅಂದುಬಿಟ್ಟರೆ? ಬಾಗಲೂರಿಗೆ ಹೋಗುವ ದಾರಿಯುದ್ದಕ್ಕೂ ನನಗೆ ಅದೊಂದೇ ಭಯ. "ಫೋಟೋ ಮೊದಲು ತೋರಿಸಬೇಡ. ಕಥೆ ಪೂರ್ತಿ ಹೇಳಿಸು" ಅಂತ ಸಿಂಚನಾಗೆ ಹೇಳಿದೆ. ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕಬಾರದು.

ಅಕ್ಕ ಜಗಲಿಯ ಮೇಲೆ ಕೂತು ನೆನೆಸಿದ ಅವರೆಕಾಳು ಹಿತಕಿ ಸಿಪ್ಪೆ ಬಿಡಿಸುತ್ತಿದ್ದಳು. ಅದಕ್ಕೆ ಅವಳಿಗೆ ಕಣ್ಣು ಬೇಡ, ಬೆರಳಿಗೇ ಗೊತ್ತು.

"ಯಾರು, ರಾಜನಾ? ಏನ್ಲಾ, ಯೋಳ್ದೆ ಕೇಳ್ದೆ ಬಂದ್ಬುಟ್ಟೆ?"

"ಅಜ್ಜಿ, ಶೂಟಿಂಗ್ ಕಥೆ ಹೇಳಜ್ಜಿ. ಪೂರ್ತಿ ಹೇಳ್ಬೇಕು" ಅಂತ ಸಿಂಚನಾ ಪಕ್ಕದಲ್ಲಿ ಕೂತಳು.

"ಯಾಕೆ, ನಗಾಕಾ?"

"ಇಲ್ಲಜ್ಜಿ, ಯಾರೂ ನಗಲ್ಲ."

ಅಕ್ಕ ಅನುಮಾನದಿಂದಲೇ ಶುರು ಮಾಡಿದಳು. "ನೀರಿಗೆ ಓಗಿದ್ವಿ. ಸಿನಿಮಾದೋರು ಎಂಗಸ್ರನ್ನೆಲ್ಲ ಸಾಲಾಗಿ ನಿಲ್ಸಿದ್ರು. ನನ್ನ ಮಾತ್ರ 'ಏ ಪಾಪ, ಆಚೆಗೋಗು' ಅಂದ್ರು. ಕಂಬದ ಇಂದಕ್ಕೋದೆ. ಆದ್ರೆ ಅವ್ವನ ಸೆರಗು ಬಿಡ್ನಿಲ್ಲ, ಗಟ್ಟಿಯಾಗಿ ಇಡ್ಕೊಂಡಿದ್ದೆ. ಎಲ್ಲಿ ಅವಳ್ನ ಮದ್ರಾಸಿಗೆ ಕರ್ಕೊಂಡೋಗ್ಬುಡ್ತಾರೋ ಅಂತ."

ಸಿಂಚನಾ ನನ್ನ ತೋಳು ಚಿವುಟಿದಳು. ಆ ಪುಟ್ಟ ಕೈಯನ್ನು ನಾವಿಬ್ಬರೂ ನೋಡಿದ್ದೆವು, ಅದು ಯಾರ ಕೈ ಅಂತ ಯೋಚನೆ ಮಾಡಿರಲಿಲ್ಲ.

ಪ್ರಿಂಟನ್ನು ಅಕ್ಕನ ಕೈಗಿಟ್ಟೆವು. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು, ಒಳ್ಳೆಯ ಕಣ್ಣಿಗೆ ಮೂಗು ತಾಗುವಷ್ಟು ಹತ್ತಿರ ಹಿಡಿದಳು. ಅಕ್ಕನ ಬೆರಳು ಸಾಲಿನ ಮೇಲೆ ನಿಧಾನಕ್ಕೆ ಹೋಯಿತು. ಒಬ್ಬಳು, ಇಬ್ಬರು, ಮೂವರು. ಕಂಬದ ಹತ್ತಿರ ಕತ್ತು ತಿರುಗಿಸಿ ನಿಂತಿದ್ದವಳ ಮೇಲೆ ನಿಂತಿತು.

"ಅವ್ವಾ" ಅಂದಳು. ನಮಗೆ ಹೇಳಿದ್ದಲ್ಲ, ಒಳಗಿರುವವಳನ್ನು ಕರೆದ ಹಾಗೆ ಇತ್ತು.

ಆಮೇಲೆ ಕಂಬದ ಹತ್ತಿರ ಬೆರಳಿಟ್ಟು, "ಇದು ನನ್ ಕೈ. ನೋಡ್ರೋ, ನನ್ ಕೈ ಐತೆ! ನಗ್ರೋ ಈಗ, ನಗ್ರೋ!" ಅಂತ ಅಳುತ್ತಾ ತಾನೇ ನಗಲು ಶುರು ಮಾಡಿದಳು. ನಾಗರಾಜ ವ್ಯಾನಿಗೆ ಏನೋ ಆಗಿದೆ ಅಂತ ಹೊರಗೆ ಹೋದ. ವ್ಯಾನಿಗೆ ಏನೂ ಆಗಿರಲಿಲ್ಲ.

ಸಿಂಚನಾ ಕೇಳಿದಳು, "ಎಲ್ರೂ ಕ್ಯಾಮರಾ ನೋಡ್ತಿದಾರೆ. ಇವ್ರು ಯಾಕಜ್ಜಿ ಆ ಕಡೆ ನೋಡ್ತಿದಾರೆ?"

"ಇನ್ನೇನ್ ಮಾಡಾಳು? ಇವ್ನು ತೊಟ್ಲಾಗೆ ಮಲ್ಗಿದ್ದ, ವರ್ಷದ ಕೂಸು. ಎದ್ದು ಅಳ್ತವ್ನೋ ಏನೋ ಅಂತ ಮನೆ ಕಡೀಕೇ ಕಣ್ಣು. ಸಿನಿಮಾದೋನು 'ಇತ್ಲಾಗ್ ನೋಡಮ್ಮ, ಇತ್ಲಾಗ್ ನೋಡಮ್ಮ' ಅಂತ ಬಡ್ಕೊಂಡ. ನೋಡ್ನೇ ಇಲ್ಲ ಅವ್ಳು."

ಫೋಟೋವನ್ನು ನಾನು ಕೈಗೆ ತೆಗೆದುಕೊಂಡೆ. ಬೆಳಗ್ಗೆ ಆ ಉಲ್ಟಾ ಪ್ರಿಂಟಿನಲ್ಲಿ ಅವ್ವ ಗುಡಿಸಲಿಗೆ ಬೆನ್ನು ತಿರುಗಿಸಿ ನಿಂತಿದ್ದಳು. ಈಗ ಅವಳು ನೋಡುತ್ತಿದ್ದದ್ದು ಬಲಕ್ಕೆ, ಕೆರೆಯ ಕಡೆಗೆ, ನಾನು ಮಲಗಿದ್ದ ಕಡೆಗೆ. ಅಗಲ ಹಣೆ, ಸ್ವಲ್ಪ ಚೂಪು ಗಲ್ಲ. ಸಿಂಚನಾಳ ಗಲ್ಲ ಅದೇ. ಇಷ್ಟು ವರ್ಷ ಆ ಗಲ್ಲವನ್ನು ಮನೆಯಲ್ಲೇ ನೋಡುತ್ತಿದ್ದೆ, ಗೊತ್ತಿರಲಿಲ್ಲ. ತಾಯಿ ಇಲ್ಲದೆ ಬೆಳೆದವನು ಅಂತ ನನ್ನನ್ನು ಎಲ್ಲರೂ ಅಂದಿದ್ದಾರೆ, ನಾನೂ ಹಾಗೇ ಅಂದುಕೊಂಡಿದ್ದೆ. ಇನ್ನು ಮೇಲೆ ಆ ಮಾತು ಬಾಯಿಗೆ ಬರಲಾರದು.

ಅಕ್ಕನನ್ನು ಹಿತಕಿದ ಬೇಳೆಯ ಪಾತ್ರೆ ಸಮೇತ ವ್ಯಾನಿನಲ್ಲಿ ಕೂರಿಸಿಕೊಂಡು ಅಟ್ಟೂರಿಗೆ ಕರೆತಂದೆವು. ಜಾಲಹಳ್ಳಿಯಿಂದ ಮಗಳು, ಅಳಿಯ, ಮಕ್ಕಳು ಬಂದರು. ಸಂಜೆ ಜಯಮ್ಮ, ಸೊಸೆ ಸೇರಿ ಹಿತಕಿದ ಬೇಳೆ ಸಾರು ಮಾಡಿ ಮುದ್ದೆ ತಿರುವಿದರು. ಫೋಟೋವನ್ನು ಗೋಡೆಗೆ ಒರಗಿಸಿಟ್ಟು ಜಯಮ್ಮ, "ಅತ್ತೆಗೊಂದು ಎಡೆ ಇಡ್ಲಾ?" ಅಂದಳು.

"ಎಡೆ ಯಾಕವ್ವ? ಅದು ಸತ್ತೋರ್ಗೆ" ಅಂದಳು ಅಕ್ಕ. "ಇವತ್ತು ಬಂದವ್ಳೆ. ತಟ್ಟೆ ಆಕು."

ಹನ್ನೊಂದು ಜನಕ್ಕೆ ಹನ್ನೆರಡು ತಟ್ಟೆ ಹಾಕಿದರು. ಎಲ್ಲರೂ ನೆಲದ ಮೇಲೆ ಸುತ್ತಲೂ ಕೂತೆವು. ಇನ್ನೇನು ಮುದ್ದೆ ಮುರಿಯಬೇಕು, ಸಿಂಚನಾ ಎದ್ದು ಹೋಗಿ ಫೋಟೋವನ್ನು ಆ ಗೋಡೆಯಿಂದ ಎತ್ತಿ ಇನ್ನೊಂದು ತುದಿಗೆ ತಂದಿಟ್ಟಳು.

"ಅಲ್ಲೇ ಚೆನ್ನಾಗಿತ್ತಲ್ಲೇ" ಅಂದಳು ಅವಳಮ್ಮ.

"ಇಲ್ಲಿಟ್ರೆ ತಾತನ್ನ ನೋಡ್ತಾರೆ" ಅಂದಳು ಸಿಂಚನಾ.

ನಿಜವೇ, ಅವ್ವ ನನ್ನನ್ನೇ ನೋಡುತ್ತಿದ್ದಳು. ಸಕ್ಕರೆ ಕಾಯಿಲೆ ಅಂತ ರಾತ್ರಿ ಅರ್ಧ ಮುದ್ದೆಗೇ ಕೈ ತೊಳೆಯುವ ನಾನು ಆವತ್ತು ಎರಡು ಮುದ್ದೆ ಉಂಡೆ. ಯಾರೂ ಬೇಡ ಅನ್ನಲಿಲ್ಲ.